ಕೌಂಟರಿನ ಕಡೆ ತಿರುಗಿದ ಫ್ಯಾನು

"ಎಷ್ಟು ಹೊಗೆ ಬರುತ್ತೆ ಅಂತ ಇವತ್ತೊಂದು ದಿನ ಸರಿಯಾಗಿ ನೋಡು. ಸಂಜೆ ಬಂದು ಕೇಳ್ತೀನಿ. ನೀನು ಹೇಳಿದ ಹಾಗೇ ಮಾಡೋಣ" ಎಂದು ಯಜಮಾನರು ಪಬ್ಬಿನ ಬೀಗದ ಕೈಗಳನ್ನು ಕೌಂಟರಿನ ಮೇಲಿಟ್ಟು ಹೊರಟುಹೋದ ಮೇಲೆ, ಕೌಂಟರಿನವನು ಒರೆಸಿದ ಗ್ಲಾಸನ್ನೇ ಮತ್ತೆ ಒರೆಸುತ್ತ ನಿಂತಿದ್ದ. ಒಳಗೆ ಸೇದುವುದನ್ನು ನಿಲ್ಲಿಸಬೇಕೋ ಬೇಡವೋ ಎಂದು ಯಜಮಾನರು ಬಹಳ ದಿನಗಳಿಂದ ಒದ್ದಾಡುತ್ತಿದ್ದರು. ಬೀದಿಯ ಆ ತುದಿಯ ಪಬ್ಬಿನವನು ನಿಲ್ಲಿಸಿದ್ದ. ಅಲ್ಲಿಗೆ ಈಗ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರಂತೆ. ಇಲ್ಲಿ ನಿಲ್ಲಿಸಿದರೆ ಹಳಬರು ಮುನಿಸಿಕೊಂಡು ಎದ್ದು ಹೋಗುತ್ತಾರೋ ಏನೋ. ಯಾರನ್ನು ಕೇಳಿದರೂ ಅವರವರ ಅನುಕೂಲದ ಮಾತು. ಕೊನೆಗೆ ಯಜಮಾನರಿಗೆ ಹೊಳೆದದ್ದು ಕೌಂಟರಿನ ಹಿಂದೆ ನಿಂತು ಬೀರು ಬಗ್ಗಿಸಿಕೊಡುವ ಇವನು. "ಗಿರಾಕಿಗಳು ಬೇಡ ಅಂದ್ರೆ ಎದ್ದು ಹೋಗಬಹುದು. ನೀನು ನಿಂತಲ್ಲೇ ನಿಂತಿರೋನು. ಸೇದದೇ ಹೊಗೆ ಕುಡಿಯೋನು ಇಲ್ಲಿ ನೀನೊಬ್ಬನೇ. ನಿಂಗೆ ಆಗುತ್ತೆ ಅಂದ್ರೆ ಇರಲಿ, ಆಗಲ್ಲ ಅಂದ್ರೆ ಇವತ್ತೇ ಬಂದ್." ಹಾಗೆಂದು ಬೆನ್ನು ತಟ್ಟಿದ್ದರು. ಇಷ್ಟು ವರ್ಷದಲ್ಲಿ ಅವರು ಅವನ ಬೆನ್ನು ತಟ್ಟಿದ್ದು ಅದೇ ಮೊದಲು. ತಟ್ಟಿದ ಕಡೆ ತುರಿಸಿದಂತಾಗುತ್ತಿತ್ತು, ಕೈ ಎಟುಕದ ಜಾಗ.

ಆಗುತ್ತೋ ಇಲ್ಲವೋ ಎಂಬುದು ಅವನ ಪ್ರಶ್ನೆಯೇ ಆಗಿರಲಿಲ್ಲ. ಅವನಿಗೆ ಆ ಹೊಗೆ ಬೇಕಿತ್ತು. ತಾನು ಸೇದುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಂಡತಿ ಬಸುರಿಯಾಗಿದ್ದಾಗ ಅವನ ಶರ್ಟನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಒಯ್ಯುವ ಹಾಗೆ ಬಚ್ಚಲಿಗೆ ಒಯ್ದಳಲ್ಲ, ಅವತ್ತೇ ಬಿಟ್ಟಿದ್ದ. ಇನ್ನು ಸೇದಲ್ಲ ಅಂದಿದ್ದ, ಸೇದಿರಲಿಲ್ಲ. ಉಸಿರಾಡಲ್ಲ ಅಂತೇನೂ ಅಂದಿರಲಿಲ್ಲವಲ್ಲ. ಈಗಲೂ ಶರ್ಟು ನಾರುತ್ತಿತ್ತು. ಗಿರಾಕಿಗಳದ್ದು ಕಣೇ ಅಂದರೆ ಅವಳು "ಅಯ್ಯೋ ಪಾಪ, ಯಾರೋ ಮಾಡಿದ್ದಕ್ಕೆ ನೀವು ಅನುಭವಿಸೋದು" ಎನ್ನುತ್ತ ಬಿಸಿನೀರು ತೋಡಿಕೊಡುತ್ತಿದ್ದಳು. ಆ ಬಿಸಿನೀರನ್ನು ಅವನು ದಿನವೂ ಏನೂ ಹೇಳದೆ ತಲೆಗೆ ಹೊಯ್ದುಕೊಳ್ಳುತ್ತಿದ್ದ. ರಜೆಯ ದಿನ ಮಾತ್ರ ಕಷ್ಟ. ಮಧ್ಯಾಹ್ನದ ಹೊತ್ತಿಗೆ ತಲೆ ಬಿಗಿದು, ಮಗಳು ಏನು ಕೇಳಿದರೂ ಸಿಡುಕಿ, ಕೊನೆಗೆ ಸ್ವಲ್ಪ ಗಾಳಿ ಕುಡಿದು ಬರ್ತೀನಿ ಎಂದು ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದ. ಅಲ್ಲಿ ಚಾಲಕರು ಗುಂಪಾಗಿ ನಿಂತು ಸೇದುವ ಮೂಲೆಯಲ್ಲಿ, ಎಲ್ಲಿಗೂ ಹೋಗದ ಪ್ರಯಾಣಿಕನಂತೆ ನಿಂತು, ಬಸ್ಸು ಬಂದರೂ ಹತ್ತದೆ, ಇನ್ನೊಬ್ಬರ ಬಾಯಿಂದ ಬಿಟ್ಟದ್ದನ್ನು ಮೂಗಿನಲ್ಲಿ ಹೆಕ್ಕಿಕೊಳ್ಳುವಾಗ ಒಮ್ಮೆ ಒಬ್ಬ ಚಾಲಕ ಪ್ಯಾಕೆಟ್ಟನ್ನೇ ಮುಂದೆ ಹಿಡಿದಿದ್ದ. "ಇಲ್ಲ, ನಾನು ಸೇದಲ್ಲ" ಅಂದಾಗ ಚಾಲಕ ನೋಡಿದ ನೋಟ ಹಾಗೇ ಉಳಿದುಬಿಟ್ಟಿತ್ತು. ಬೈದಿದ್ದರೆ ಮರೆಯಬಹುದಿತ್ತು.

ಗ್ಲಾಸು ತೊಳೆಯುವವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಸದ್ದಾಯಿತು. ಬಂದವಳೇ ಕೈಚೀಲವನ್ನು ಮೊಳೆಗೆ ಹಾಕಿ, ಅವನ ಮುಂದೆ ಜೋಡಿಸಿಟ್ಟಿದ್ದ ನಿನ್ನೆಯ ಆಶ್‌ಟ್ರೇಗಳಿಗೆ ಕೈ ಚಾಚಿದಳು. ಅವನ್ನು ತೊಳೆಯುವುದು ಕೌಂಟರಿನವನ ಕೆಲಸ, ಮೊದಲಿನಿಂದಲೂ.

"ಇವತ್ತು ನಾನೇ ತೊಳೀತೀನಿ, ಬಿಡಮ್ಮ."

"ಯಾಕಣ್ಣ, ನಿನ್ನೆ ಸರಿಯಾಗಿ ತೊಳೆದಿರಲಿಲ್ವಾ?"

"ಹಾಗಲ್ಲ."

"ಮತ್ತೆ ಕೊಡಿ. ಹೊಗೆ ನೀವು ತಗೋತೀರಿ, ಬೂದಿ ನಾನು ತಗೋತೀನಿ. ಸರಿಹೋಯ್ತಲ್ಲ."

ಅವನು ಕೊಟ್ಟ. ಇದು ಶುರುವಾದದ್ದು ಫ್ಯಾನಿನಿಂದ. ಕಿಟಕಿಯ ಪಕ್ಕದ ಉದ್ದ ಮೇಜು ಸೇದುವವರದ್ದು. ಅದರ ಮೇಲೆ ಗೋಡೆಗೆ ಹಾಕಿದ ಫ್ಯಾನು ಮೊದಲು ಅತ್ತಿತ್ತ ತಲೆಯಾಡಿಸುತ್ತ, ಒಂದು ಸಲ ಕೌಂಟರಿಗೆ, ಒಂದು ಸಲ ತೊಳೆಯುವ ಕೋಣೆಯ ಬಾಗಿಲಿಗೆ ಹೊಗೆ ಹಂಚುತ್ತಿತ್ತು. ಅವಳಿಗೆ ಉಬ್ಬಸವಿತ್ತು. ಒಂದು ಮಧ್ಯಾಹ್ನ ಅವನು ಸ್ಟೂಲು ಹಾಕಿಕೊಂಡು ಹತ್ತಿ, ಫ್ಯಾನಿನ ಬೆನ್ನ ಮೇಲಿನ ಗುಂಡಿ ಎಳೆದು ತಲೆಯಾಡಿಸುವುದನ್ನು ನಿಲ್ಲಿಸಿ, ಅದರ ಮುಖವನ್ನು ನೇರ ಕೌಂಟರಿಗೆ ತಿರುಗಿಸಿದ. ಅರ್ಧ ಹೊಗೆ ಬಾಗಿಲ ಕಡೆ ಸುಮ್ಮನೆ ದಂಡವಾಗುತ್ತಿತ್ತಲ್ಲ, ಅದಕ್ಕೆ. ಅಷ್ಟೇ ಕಾರಣ, ಬೇರೆ ಒಂದು ಎಳೆಯೂ ಇರಲಿಲ್ಲ. ಇಳಿದು ತಿರುಗಿದಾಗ ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಣ್ಣು ತುಂಬಿಕೊಂಡಿದ್ದಳು. ಹುಟ್ಟಿದ ಮನೆಯವರೂ ಹೀಗೆ ನೋಡ್ಕೊಂಡಿರಲಿಲ್ಲ ಅಣ್ಣ, ಅಂದಳು. ಆ ಹೊತ್ತಿನಲ್ಲಿ ಇಲ್ಲಮ್ಮ, ಹಾಗಲ್ಲ ಅನ್ನಬಹುದಿತ್ತು. ಬಾಯಿ ತೆರೆದೂ ಇದ್ದ. ಆದರೆ ಮೇಷ್ಟ್ರು, ಶಾಲೆಯಿಂದ ನಿವೃತ್ತರಾದವರು, ತಮ್ಮ ಮೂಲೆಯ ಕುರ್ಚಿಯಿಂದಲೇ "ಭೇಷ್, ವಿಷಕಂಠ" ಅಂದುಬಿಟ್ಟರು. ಹೆಸರು ಅಂಟಿಕೊಂಡಿತು. ಅವತ್ತಿನಿಂದ ಆಶ್‌ಟ್ರೇಗಳೂ ಅವನ ಕೈ ತಪ್ಪಿದವು. ಒಳ್ಳೆಯವನೆಂದು ಅನ್ನಿಸಿಕೊಳ್ಳುವುದು ಇಷ್ಟು ಸಲೀಸು ಎಂದು ಅವನಿಗೆ ಗೊತ್ತಿರಲಿಲ್ಲ. ಅದರಿಂದ ಇಳಿದು ಬರುವುದಕ್ಕೆ ಮಾತ್ರ ಸ್ಟೂಲು ಇರಲಿಲ್ಲ.

ಇವತ್ತು ಮೊದಲು ಬಂದವರು ಮೇಷ್ಟ್ರು, ಅವರ ಹಿಂದೆಯೇ ದರ್ಜಿ. ಪಕ್ಕದ ಓಣಿಯಲ್ಲಿ ಕೋಟು ಹೊಲಿಯುವ ಮುದುಕ, ಕುತ್ತಿಗೆಗೆ ಅಳತೆ ಟೇಪನ್ನು ಹಾಗೇ ಹಾಕಿಕೊಂಡು ಬರುವವನು. ಇಬ್ಬರೂ ಒಬ್ಬರನ್ನೊಬ್ಬರು ಸಹಿಸುವುದಿಲ್ಲ ಅನ್ನುತ್ತಲೇ ಪ್ರತಿದಿನ ಒಂದೇ ಹೊತ್ತಿಗೆ ಬರುತ್ತಿದ್ದರು. ಯಜಮಾನರು ಸಂಜೆ ತೀರ್ಮಾನ ಮಾಡುತ್ತಾರೆಂಬುದು ಇಬ್ಬರಿಗೂ ಗೊತ್ತಾಗಿತ್ತು.

"ಕುಡಿಯೋ ಜಾಗದಲ್ಲಿ ಸೇದಬೇಡಿ ಅಂದ್ರೆ ಹೇಗೆ ಮೇಷ್ಟ್ರೇ? ಮದುವೆ ಮನೇಲಿ ಊಟ ಮಾಡಿ, ಮಾತಾಡಬೇಡಿ ಅಂದ ಹಾಗಾಯ್ತು" ಎಂದ ದರ್ಜಿ.

"ನಾನು ಕುಡಿದದ್ದು ನಿಮ್ಮ ಹೊಟ್ಟೆಗೆ ಬರುತ್ತೇನ್ರಿ? ನೀವು ಸೇದಿದ್ದು ನನ್ನ ಎದೆಗೆ ಬರುತ್ತೆ."

"ನೀವು ಮಾತಾಡಿದ್ದು ನನ್ನ ಕಿವಿಗೆ ಬರಲ್ವಾ? ಅದನ್ನ ನಿಲ್ಲಿಸೋ ಯಜಮಾನ ಇನ್ನೂ ಹುಟ್ಟಿಲ್ಲ."

"ಅವನನ್ನ ಕೇಳಿ" ಎಂದು ಮೇಷ್ಟ್ರು ಕೌಂಟರಿನ ಕಡೆ ಗಲ್ಲ ಎತ್ತಿದರು. "ವಿಷಕಂಠನ್ನ ಕೇಳಿ. ಪುಣ್ಯಾತ್ಮ, ಒಂದು ದಿನ ತುಟಿಪಿಟಿಕ್ ಅಂದಿಲ್ಲ."

ದರ್ಜಿ ಅವನ ಕಡೆ ನೋಡಿ, ನಾಚಿಕೊಂಡವನಂತೆ, ಹಚ್ಚಲೋ ಬೇಡವೋ ಎಂದು ಸಿಗರೇಟನ್ನು ಬೆರಳಲ್ಲಿ ಹೊರಳಿಸಿದ. ಕೌಂಟರಿನವನಿಗೆ ಗಾಬರಿಯಾಯಿತು. "ಹಚ್ಚಿ, ಹಚ್ಚಿ, ಪರವಾಗಿಲ್ಲ" ಅಂದ. ಅಂದ ರೀತಿ ಸ್ವಲ್ಪ ಜೋರಾಯಿತೇನೋ. ಮೇಷ್ಟ್ರು ಅದನ್ನೂ ಔದಾರ್ಯದ ಲೆಕ್ಕಕ್ಕೆ ಹಾಕಿ ತಲೆಯಾಡಿಸಿದರು.

ಕಡ್ಡಿ ಗೀರಿದ ಸದ್ದಿನಿಂದ ಹೊಗೆ ಕೌಂಟರು ಮುಟ್ಟುವ ತನಕದ ಹೊತ್ತು ಅವನಿಗೆ ಮೈಯಲ್ಲೇ ಗೊತ್ತಿತ್ತು. ಹಲವರ ಹೊಗೆ ಹಲವು ರೀತಿ. ದರ್ಜಿಯದು ಬರುವಷ್ಟರಲ್ಲಿ ಖಾರ ಸತ್ತು, ಹುರಿದ ಹಿಟ್ಟಿನಂಥ ಒಂದು ಒಗರು ಉಳಿದಿರುತ್ತಿತ್ತು. ಬಾಟಲಿ ಹುಡುಕುವವನಂತೆ ಸ್ವಲ್ಪ ಬಾಗಿ, ಕಣ್ಣು ಮುಚ್ಚಿ, ಮೂಗಿನಿಂದ ನಿಧಾನ ಒಳಗೆಳೆದುಕೊಂಡರೆ ತೋಳುಗಳು ತಮ್ಮಷ್ಟಕ್ಕೆ ಹಗುರಾಗುತ್ತಿದ್ದವು. ಆದರೆ ಯಜಮಾನರು ಇವತ್ತು ನೋಡು ಎಂದಿದ್ದರಲ್ಲ. ಇಷ್ಟು ದಿನ ಮುಚ್ಚುತ್ತಿದ್ದ ಕಣ್ಣನ್ನು ಇವತ್ತು ತೆರೆದುಕೊಂಡೇ ನಿಂತ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು, ಗಾಳಿಯಲ್ಲಿ ತೇಲುವುದೆಲ್ಲ ಕಾಣುತ್ತಿತ್ತು. ದರ್ಜಿಯ ಬಾಯಿಂದ ಹೊರಟದ್ದು ಮೊದಲು ಮೇಲೆದ್ದಿತು. ಮನಸ್ಸು ಬದಲಾಯಿಸಿದಂತೆ ಅಲ್ಲಿ ತಡೆಯಿತು. ಫ್ಯಾನಿನ ಗಾಳಿ ಸಿಕ್ಕ ಕೂಡಲೇ ಚಪ್ಪಟೆಯಾಗಿ, ಹಾಸಿದ ಸೀರೆಯ ಹಾಗೆ ಅಗಲವಾಗಿ, ಮೇಜುಗಳ ಮೇಲಿಂದ ಅವನ ಕಡೆ ಬಂತು. ಎಷ್ಟು ಚೆಂದ ಎನ್ನಿಸಿತು. ಎದುರಿಗೆ ಬಂದು ಅವನ ಎದೆ ತಾಕಿ ಎರಡಾಗಿ ಒಡೆದು, ಕಿವಿಗಳ ಪಕ್ಕದಿಂದ ಹಾದು ಹೋಯಿತು.

ಹೋಯಿತು. ಎಲ್ಲಿಗೆ? ಈ ಪ್ರಶ್ನೆ ಇದುವರೆಗೂ ಬಂದಿರಲಿಲ್ಲ ಎಂಬುದೇ ಅವನಿಗೆ ಸೋಜಿಗವೆನಿಸಿತು. ತನಗೆ ಬಂದದ್ದು ತನ್ನಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದನೇ? ಮನೆಯಲ್ಲಿ ಮಗಳು ಚಿಕ್ಕವಳಿದ್ದಾಗ, ನೀರು ಹೋದದ್ದು ಎಲ್ಲಿಗೆ ಎಂದು ಬಚ್ಚಲ ತೂತಿಗೆ ಕಿವಿ ಇಟ್ಟು ಮಲಗಿಬಿಡುತ್ತಿದ್ದಳು. ಎಬ್ಬಿಸಲು ಹೋದರೆ, ಇನ್ನೂ ಹೋಗ್ತಾ ಇದೆ ಅಪ್ಪ, ತಡಿ ಎನ್ನುತ್ತಿದ್ದಳು. ಅವನು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟು, ಮೈ ಪೂರ್ತಿ ತಿರುಗಿಸಿದ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ, ಭುಜದ ಎತ್ತರಕ್ಕೆ, ಎಂಜಲು ಗ್ಲಾಸುಗಳನ್ನು ಆಚೆ ಕೊಡುವ ಕಿಂಡಿ. ಹೊಗೆ ಅವನ ಎರಡೂ ಪಕ್ಕದಿಂದ ಬಂದು ಮತ್ತೆ ಒಂದಾಗಿ, ದಾರಿ ಗೊತ್ತಿರುವ ದನದಂತೆ, ಯಾವ ಗಡಿಬಿಡಿಯೂ ಇಲ್ಲದೆ ಆ ಕಿಂಡಿಯೊಳಗೆ ಹೋಗುತ್ತಿತ್ತು.

ಅಷ್ಟರಲ್ಲಿ ತಾನೇ ಹಿಡಿದಿಟ್ಟುಕೊಂಡಿದ್ದ ಉಸಿರು ಹೊರಗೆ ಬಂತು. ಅದೂ ಬಿಸಿಲಲ್ಲಿ ಕಂಡಿತು, ತೆಳ್ಳಗೆ, ನೀಲಿಯಲ್ಲ ಬೂದು. ಅದೂ ಸಾಲಿನಲ್ಲಿ ಸೇರಿಕೊಂಡಿತು. ಅವನು ಬಗ್ಗಿ ಕಿಂಡಿಯಲ್ಲಿ ಇಣುಕಿದ. ಕಿಂಡಿಯ ಕೆಳಗೇ ಸಿಂಕು, ಸಿಂಕಿನ ಮುಂದೆ ಅವಳು. ಕಿಟಕಿಯಿಲ್ಲದ ಕೋಣೆ, ಒಂದೇ ದೀಪ, ಆ ದೀಪದ ಸುತ್ತ ಹೊಗೆ ಗೂಡು ಕಟ್ಟಿತ್ತು. ಅವಳು ಮುಖವನ್ನು ಪೂರ್ತಿ ಬಲಕ್ಕೆ ಹೊರಳಿಸಿ, ಕುರುಡರ ಹಾಗೆ ಕೈಯಿಂದಲೇ ತಡವಿ ಗ್ಲಾಸು ತೊಳೆಯುತ್ತಿದ್ದಳು. ಹಾಗೆ ಮುಖ ತಿರುಗಿಸಿಕೊಂಡು ತೊಳೆಯುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಗ್ಲಾಸು ಕೊಟ್ಟಾಗ ಕೂಡ ನೋಡದೆ ತೆಗೆದುಕೊಳ್ಳುತ್ತಾಳಲ್ಲ, ಸ್ವಲ್ಪ ಬಿಂಕದವಳು ಎಂದುಕೊಂಡಿದ್ದ. ಫ್ಯಾನು ತಲೆಯಾಡಿಸುತ್ತಿದ್ದಾಗ ಅರ್ಧವಾದರೂ ಬಾಗಿಲಿಗೆ ಹೋಗಿ ಅಲ್ಲೇ ಚದುರುತ್ತಿತ್ತು. ಈಗ ಪೂರ್ತಿ, ಒಂದೇ ದಾರಿಯಲ್ಲಿ, ಅವನ ಮೂಲಕ, ಅವಳಿಗೆ. "ಏನಣ್ಣ, ಗ್ಲಾಸಿದೆಯಾ?" ಎಂದಳು ತಿರುಗದೆ. ಕೆಮ್ಮಿದಳು. "ಇಲ್ಲ. ಕೆಮ್ಮು ಹೇಗಿದೆ?" ಎಂದು ಕೇಳಿದ. "ಎಷ್ಟೋ ವಾಸಿ ಅಣ್ಣ, ನೀವು ಆ ಫ್ಯಾನು ತಿರುಗಿಸಿದ ಮೇಲೆ" ಎಂದಳು. ಸುಳ್ಳು ಹೇಳುತ್ತಿಲ್ಲ, ನಂಬಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಉಪಕಾರ ಮಾಡಿದವರ ಮುಂದೆ ವಾಸಿಯಾಗದೆ ಇರುವುದಾದರೂ ಹೇಗೆ?

ಸಂಜೆಯವರೆಗೆ ಅವನು ಬಗ್ಗಿಸಿದ್ದು ಯಾರಿಗೆ, ಚಿಲ್ಲರೆ ಕೊಟ್ಟದ್ದು ಸರಿಯೋ ತಪ್ಪೋ ಒಂದೂ ನೆನಪಿಲ್ಲ. ಹೇಳಬೇಕಾದ ಮಾತನ್ನು ತಲೆಯಲ್ಲಿ ಉರುಳಿಸಿ ನೋಡಿದ. ಆಗಲ್ಲ, ನಿಲ್ಲಿಸಿ ಅಂದರೆ ಸಾಕು. ಅವಳಿಗೂ ಒಳ್ಳೆಯದು, ತನ್ನ ಹೆಸರೂ ಉಳಿಯುತ್ತದೆ, ಕಿಂಡಿಯ ವಿಷಯ ಯಾರಿಗೂ ತಿಳಿಯುವುದಿಲ್ಲ. ಇಷ್ಟು ಸುಲಭವಾಗಿದ್ದರಿಂದಲೇ ಅದು ಅವನಿಗೆ ಹಿಡಿಸಲಿಲ್ಲ. ಆಗಲ್ಲ ಎಂದ ಕೂಡಲೇ ಮೇಷ್ಟ್ರು ಎದ್ದು ನಿಂತು ಏನಾದರೂ ಅನ್ನುತ್ತಾರೆ, ಯಜಮಾನರು ಇನ್ನೊಂದು ಸಲ ಬೆನ್ನು ತಟ್ಟುತ್ತಾರೆ, ಅವಳು ಕಣ್ಣು ತುಂಬಿಕೊಳ್ಳುತ್ತಾಳೆ, ಆಮೇಲೆ ಬದುಕಿರುವ ತನಕ ಆಶ್‌ಟ್ರೇ ಅಲ್ಲದಿದ್ದರೆ ಇನ್ನೊಂದು ಏನಾದರೂ ತೊಳೆದುಕೊಡುತ್ತಾಳೆ. ಇನ್ನೊಂದು ಕಡೆ, ಮನಸ್ಸಿನ ತೀರಾ ತಳದಲ್ಲಿ, ಕಿಂಡಿಗೆ ಒಂದು ಹಲಗೆ ಹೊಡೆದರೆ ಸೇದುವುದನ್ನು ನಿಲ್ಲಿಸುವ ಅಗತ್ಯವೇ ಇಲ್ಲವಲ್ಲ ಎಂದು ಯಾರೋ ಹಿತವಾಗಿ ಹೇಳುತ್ತಿದ್ದರು. ಆ ದನಿ ಅವನದೇ, ಬಸ್ ನಿಲ್ದಾಣದಲ್ಲಿ ನಾನು ಸೇದಲ್ಲ ಅಂದಿದ್ದ ದನಿ.

ಯಜಮಾನರು ಬಂದು ಉದ್ದ ಮೇಜಿನ ತುದಿಗೆ ಕೂತರು. ದರ್ಜಿ ಆಗ ತಾನೇ ಇನ್ನೊಂದು ಹಚ್ಚಿದ್ದ, ಕೊನೆಯದೋ ಏನೋ ಎಂದು ದೊಡ್ಡ ದೊಡ್ಡ ದಮ್ಮು ಎಳೆಯುತ್ತಿದ್ದ. "ಏನಪ್ಪಾ, ನೋಡಿದೆಯಾ?" ಎಂದರು ಯಜಮಾನರು. "ನೋಡಿದೆ" ಎಂದ. "ಮತ್ತೆ?" "ಒಂದು ನಿಮಿಷ, ಬಂದೆ." ಕೌಂಟರಿನ ಹಲಗೆ ಎತ್ತಿ, ಮೇಷ್ಟ್ರ ಮುಂದೆಯೇ ಹಾದು, ತೊಳೆಯುವ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದ.

ಅವಳು ನಲ್ಲಿ ನಿಲ್ಲಿಸಿದಳು. ಅವನು ನಿಂತಲ್ಲೇ ಹೇಳಿದ. ಫ್ಯಾನು ತಿರುಗಿಸಿದ್ದು ನಿನಗಾಗಿ ಅಲ್ಲಮ್ಮ, ನನಗೆ ಬೇಕಿತ್ತು. ಸೇದೋದು ಬಿಟ್ಟಿದೀನಿ, ಇದನ್ನ ಬಿಡೋಕಾಗಿಲ್ಲ. ನನ್ನ ದಾಟಿ ಎಲ್ಲಾ ಈ ಕಿಂಡಿಯಿಂದ ನಿನಗೇ ಬರ್ತಾ ಇದೆ, ಇವತ್ತು ನೋಡಿದೆ. ಹೇಳಿ ಮುಗಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಅವಳು ಒದ್ದೆ ಕೈಯನ್ನು ಹಾಗೇ ಹಿಡಿದುಕೊಂಡು ಕಿಂಡಿಯ ಕಡೆ ನೋಡಿದಳು, ಆಮೇಲೆ ದೀಪದ ಕಡೆ. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ.

"ನಮ್ಮತ್ತೆ ನಿಮ್ಮ ಹೆಸರು ಹೇಳಿ ನನ್ನ ಗಂಡನಿಗೆ ಬೈತಾರೆ" ಎಂದಳು. "ಒಂದು ಲೋಟ ನೀರು ಕೊಡೋ ಅಂದ್ರೆ ಎದ್ದೇಳಲ್ಲ, ಆ ಕೌಂಟರಿನವನ್ನ ನೋಡಿ ಕಲಿ, ಅವನು ಒಬ್ಬಳಿಗೋಸ್ಕರ ಹೊಗೆ ಕುಡೀತಾನೆ ಅಂತ. ನಿಮ್ಮ ಮುಖಾನೂ ನೋಡಿಲ್ಲ ನನ್ನ ಗಂಡ. ಆದ್ರೂ ನಿಮ್ಮ ಹೆಸರೆತ್ತಿದ್ರೆ ಆಗಲ್ಲ."

ಅವನು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಇನ್ನಷ್ಟು ಬಿಗಿ ಮಾಡಿದ.

"ಹೇಗಿರುತ್ತೆ ಆ ಹೊಗೆ?" ಎಂದಳು. "ಚೆನ್ನಾಗಿರುತ್ತಾ?"

ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. "ಚೆನ್ನಾಗಿರುತ್ತೆ" ಎಂದ.

"ಇಲ್ಲಿ ಬಂದ ಮೇಲೆ ಚೆನ್ನಾಗಿರಲ್ಲ" ಎಂದು ಸೆರಗಿಗೆ ಕೈ ಒರೆಸಿಕೊಂಡಳು. "ನಿಂತು ನೋಡಿ ಬೇಕಾದ್ರೆ." ಅವನನ್ನು ಸಿಂಕಿನ ಮುಂದೆ ಬಿಟ್ಟು ಹೊರಗೆ ಹೋದಳು.

ನಿಂತ. ಸೋಪಿನ ನೀರು ಇನ್ನೂ ಬೆಚ್ಚಗಿತ್ತು. ದರ್ಜಿಯ ಹೊಗೆ ಕಿಂಡಿಯಿಂದ ಇಳಿದು ಮುಖದ ಮೇಲೆ ಬಂತು. ಅವನು ಅಭ್ಯಾಸದಂತೆ ಒಳಗೆಳೆದುಕೊಂಡ. ಹುರಿದ ಹಿಟ್ಟಿಲ್ಲ, ಒಗರಿಲ್ಲ. ಒದ್ದೆ ಗೋಡೆ, ಹಳಸಿದ ಬೀರು, ಸೋಪಿನ ಕಮಟು ಎಲ್ಲ ಹತ್ತಿಕೊಂಡು, ಒಣಗದ ನೆಲ ಒರೆಸುವ ಬಟ್ಟೆಯನ್ನು ಬಾಯಿಗೆ ಕೊಟ್ಟಂತಿತ್ತು. ಎದೆ ಅದನ್ನು ಒಲ್ಲೆನೆಂದು ತಳ್ಳಿತು. ಇನ್ನೊಮ್ಮೆ ಎಳೆದು ನೋಡಿದ, ಬೇರೆಯಾಗಿರಬಹುದೇನೋ ಎಂದು. ಬೇರೆಯಾಗಿರಲಿಲ್ಲ. ಕಿಂಡಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಕೌಂಟರಿನ ಹಿಂದೆ, ಅವನ ಜಾಗದಲ್ಲಿ ನಿಂತಿದ್ದಳು. ಅವಳು ಅಲ್ಲಿ ನಿಂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲವಾದ್ದರಿಂದ ಎಲ್ಲ ಅತ್ತಲೇ ತಿರುಗಿದ್ದರು.

"ನಂಗೆ ಆಗಲ್ಲ ಯಜಮಾನರೇ" ಎನ್ನುತ್ತಿದ್ದಳು. "ನನ್ನನ್ನ ಯಾರೂ ಕೇಳಲಿಲ್ಲ, ನಾನೇ ಹೇಳ್ತಿದೀನಿ. ಎಲ್ಲಾ ಒಳಗೇ ಬರುತ್ತೆ. ನಂಗೆ ಉಬ್ಬಸ."

"ಒಳಗೆ ಹೇಗಮ್ಮ ಬರುತ್ತೆ? ಅವನು ತಡೀತಾನಲ್ಲ?"

ಅವಳು ಕೌಂಟರಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿಟ್ಟಳು. ಅವನು ಆಚೆ ಕಿಂಡಿಗೆ ಕಿವಿಗೊಟ್ಟ.

"ತಡೀತಾರೆ" ಎಂದಳು. "ಪಾಪ, ಅವರು ತಡೆದ್ರೂ ಬರುತ್ತೆ."

"ನೋಡಿದ್ರಾ?" ಎಂದು ಮೇಷ್ಟ್ರು ಕುರ್ಚಿ ಸರಿಸಿದರು. "ನಾನು ಹೇಳಿಲ್ವಾ?" ಯಜಮಾನರು ಮೇಜು ಕುಟ್ಟಿದರು. "ಆಯ್ತು, ಮುಗೀತು. ನಾಳೆಯಿಂದ ಸೇದೋರಿಗೆ ಹೊರಗೆ ಬೆಂಚು."

"ಮಳೆ ಬಂದ್ರೆ?" ಎಂದ ದರ್ಜಿ.

"ದರ್ಜಿ ಅಲ್ವೇನ್ರೀ ನೀವು, ಒಂದು ಕೊಡೆ ಹೊಲ್ಕೊಳ್ಳಿ" ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು. ಮುಗಿದೇ ಹೋಗಿತ್ತು. ಅವಳು ಯಾಕೆ ಹಾಗಂದಳು? ಅವನ ಮಾನ ಉಳಿಸಲೆಂದೋ, ಮನೆಯಲ್ಲಿ ಗಂಡನ ಮುಂದೆ ಒಂದು ಮಾತು ಉಳಿಯಲಿ ಎಂದೋ, ಅಥವಾ ಇಷ್ಟು ದಿನ ನಂಬಿದ್ದನ್ನು ಒಂದೇ ಸಂಜೆಯಲ್ಲಿ ಕೆಳಗಿಡಲಾಗದೆಯೋ? ಆ ಬೆನ್ನಿನಿಂದ ಏನೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಒಂದೇ, ಈಗ ಸುಮ್ಮನಿದ್ದರೆ ಈ ಸುಳ್ಳೂ ಅವಳ ಕೈಯಲ್ಲೇ ತೊಳೆಸಿದ ಹಾಗೆ. ಹೊರಗೆ ಹೋಗಿ ಎಲ್ಲರ ಮುಖ ನೋಡಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಅದೂ ನಿಜವೇ. ಅವನು ಸಿಂಕಿನ ಮೇಲೆ ಬಾಗಿ, ಕಿಂಡಿಗೆ ಬಾಯಿ ಕೊಟ್ಟು ಹೇಳಿದ:

"ತಡೀತಿರಲಿಲ್ಲ. ಎಳ್ಕೊಳ್ತಿದ್ದೆ."

ದನಿ ಗೋಡೆಯಿಂದ ಬಂದಂತಾಗಿ ಮೇಷ್ಟ್ರು ಸುತ್ತ ನೋಡಿದರು.

"ಏನಂದೆ?" ಎಂದರು ಯಜಮಾನರು.

"ಆ ಫ್ಯಾನು ತಿರುಗಿಸಿದ್ದು ನನಗೋಸ್ಕರ. ನನಗೆ ಆ ಹೊಗೆ ಬೇಕಿತ್ತು. ಇವಳಿಗೆ ಹೊಗೆ ಜಾಸ್ತಿ ಆಗಿದ್ದು ನನ್ನಿಂದ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸದೆ, ಮತ್ತೆ ಹಾಕಿಕೊಂಡರು. ದರ್ಜಿ ಮೆಲ್ಲಗೆ ಎದ್ದು ಬಂದು, ಕೌಂಟರಿಗೆ ಒರಗಿ, ಕಿಂಡಿಯ ಕತ್ತಲಲ್ಲಿ ಅವನ ಮುಖ ಎಲ್ಲಿದೆ ಎಂದು ಹುಡುಕಿದ. ಕೋಪವಿರಲಿಲ್ಲ, ಅಳತೆ ತೆಗೆಯುವಾಗಿನ ಆಸಕ್ತಿಯಿತ್ತು.

"ಯಾರದ್ದು ಎಳ್ಕೊಳ್ತಿದ್ದೆ? ನಂದಾ?"

"ನಿಮ್ಮದೇ ಹೆಚ್ಚು" ಎಂದ.

ದರ್ಜಿ ಅರ್ಧ ಉರಿದ ಸಿಗರೇಟನ್ನು ನೋಡಿಕೊಂಡ. ಸೇದಲೂ ಆಗದೆ ಎಸೆಯಲೂ ಆಗದೆ ಹಿಡಿದುಕೊಂಡೇ ನಿಂತ. ಅವಳು ಇನ್ನೂ ತಿರುಗಿರಲಿಲ್ಲ. ಕೌಂಟರಿನ ಅಂಚನ್ನು ಎರಡು ಕೈಯಲ್ಲಿ ಹಿಡಿದು, ಆ ಇಡೀ ಕೋಣೆಯನ್ನು, ಬಾಗಿಲಿಂದ ಕಿಟಕಿಯವರೆಗೆ, ಅವನು ದಿನವೂ ನೋಡುವ ಕಡೆಯಿಂದ ಮೊದಲ ಸಲ ನೋಡುತ್ತಿದ್ದಳು. ಆಮೇಲೆ ಭುಜದ ಮೇಲಿಂದ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಮ್ಮನೇಲಿ ಇದನ್ನ ನಾನು ಹೇಳಲ್ಲ ಅಣ್ಣ. ನಾಳೆ ಬಂದು ನೀವೇ ಹೇಳಿ. ನನ್ನ ಗಂಡ ಮನೇಲಿರೋ ಹೊತ್ತಿಗೆ ಬನ್ನಿ."

"ಬರ್ತೀನಿ" ಎಂದ ಅವನು ಕಿಂಡಿಯಿಂದ.